ದೋಷ ತೋರಿಸುವುದೂ ಒಂದು ದಾನ

ಶ್ರಾವಕರ ಐದು ಅಣುವ್ರತಗಳಲ್ಲಿ ಅಹಿಂಸೆ ಮೊದಲನೆಯದು, ಸತ್ಯ ಎರಡನೆಯದು. ಪ್ರವಚನ ಕೇಳುತ್ತ ಕುಳಿತಾಗ ಇವೆರಡೂ ಒಂದೇ ತಾಯಿಯ ಮಕ್ಕಳಂತೆ ನಮಗೆ ತೋರುತ್ತವೆ. ಆದರೆ ದಿನನಿತ್ಯದ ವ್ಯವಹಾರದಲ್ಲಿ ಇವೆರಡೂ ಎದುರುಬದುರು ನಿಂತಂತೆ ಕಾಣುವ ಒಂದು ಸಂದರ್ಭವುಂಟು. ಒಬ್ಬನು ತಾನು ಶ್ರಮಪಟ್ಟು ಮಾಡಿದ ಕೆಲಸವನ್ನು ತಂದು ನಮ್ಮ ಮುಂದಿಟ್ಟು, "ಹೇಗಾಗಿದೆ, ನೋಡಿ ಹೇಳಿರಿ" ಎಂದು ಕೇಳುತ್ತಾನೆ. ಅವನು ನಕ್ಷೆ ಬರೆದ ಕಲಾವಿದನಿರಬಹುದು, ನಿಬಂಧ ಬರೆದ ವಿದ್ಯಾರ್ಥಿಯಿರಬಹುದು, ಪಾಠಶಾಲೆಯಲ್ಲಿ ಮೊದಲ ಸಲ ಪಾಠ ಹೇಳಿದ ತರುಣ ಶಿಕ್ಷಕನಿರಬಹುದು. ಅವನ ಕೆಲಸದಲ್ಲಿರುವ ದೋಷವು ನಮ್ಮ ಕಣ್ಣಿಗೆ ಕಾಣುತ್ತದೆ. ಹೇಳಿದರೆ ಅವನ ಮನಸ್ಸು ನೋಯುತ್ತದೆ. ಅದು ಹಿಂಸೆಯಾಯಿತಲ್ಲವೇ ಎಂಬ ಅಳುಕು. ಹೇಳದೆ "ಬಹಳ ಛಲೋ ಆಗಿದೆ" ಎಂದರೆ ಅದು ಅಸತ್ಯ. ಹಾಗಾದರೆ ಧರ್ಮವನ್ನು ನಂಬಿದ ಗೃಹಸ್ಥನು ಏನು ಮಾಡಬೇಕು?

ಬಹುಮಟ್ಟಿಗೆ ಜನರು ಎರಡು ಸುಲಭ ಮಾರ್ಗಗಳನ್ನು ಹಿಡಿಯುತ್ತಾರೆ. ಕೆಲವರು ಬಾಯ್ತುಂಬ ಹೊಗಳಿ ಕಳುಹಿಸುತ್ತಾರೆ ಮತ್ತು ಅದಕ್ಕೆ ಅಹಿಂಸೆ ಎಂದು ಹೆಸರಿಡುತ್ತಾರೆ. ಇನ್ನು ಕೆಲವರು ಕಡ್ಡಿ ಮುರಿದಂತೆ ಮಾತನಾಡಿ, "ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವನು" ಎಂದು ಅದಕ್ಕೆ ಸತ್ಯ ಎಂದು ಹೆಸರಿಡುತ್ತಾರೆ. ನನ್ನ ಅಲ್ಪಮತಿಗೆ ತೋರುವಂತೆ ಮೊದಲನೆಯದು ಅಹಿಂಸೆಯೂ ಅಲ್ಲ, ಎರಡನೆಯದು ಪೂರ್ಣ ಸತ್ಯವೂ ಅಲ್ಲ. ಹೊಗಳಿಸಿಕೊಂಡು ಹೋದವನು ಅದೇ ದೋಷವನ್ನು ಹೊತ್ತು ಪೇಟೆಗೆ ಇಳಿಯುತ್ತಾನೆ. ಅಲ್ಲಿ ಅವನ ಮೇಲೆ ಯಾವ ಪ್ರೀತಿಯೂ ಇಲ್ಲದವರು ಅದನ್ನು ತೋರಿಸುತ್ತಾರೆ. ಕಡ್ಡಿ ಮುರಿದಂತೆ ಹೇಳುವವನು ಕೆಲಸದಲ್ಲಿದ್ದ ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನಷ್ಟೇ ಹೇಳಿರುತ್ತಾನೆ. ಅದು ಅರ್ಧ ಸತ್ಯ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ನಮ್ಮ ಹಿರಿಯರ ಮಾತು ಇಂಥವರಿಗಾಗಿಯೇ ಹುಟ್ಟಿದಂತಿದೆ.

ದೋಷವನ್ನು ತೋರಿಸುವುದು ದಾನದ ಜಾತಿಗೆ ಸೇರಿದ ಕ್ರಿಯೆ ಎಂಬುದು ಈ ಲೇಖನದ ಪ್ರತಿಪಾದನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಾನದ ವಿಚಾರದಿಂದ ಮುಗಿಯುತ್ತದೆ. ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ ಮತ್ತು ತೆಗೆದುಕೊಳ್ಳುವ ಪಾತ್ರ ಈ ನಾಲ್ಕರ ಭೇದದಿಂದ ದಾನದ ಫಲದಲ್ಲಿಯೂ ಭೇದವಾಗುತ್ತದೆ ಎಂದು ಅಲ್ಲಿ ಹೇಳಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಿಗೆ ನಾವು ಈ ನಾಲ್ಕು ಮಾತುಗಳನ್ನು ಅನ್ವಯಿಸುತ್ತೇವೆ. ಇವನ್ನೇ ಸಲಹೆಗೂ ಅನ್ವಯಿಸಿ ನೋಡಿದರೆ ಅಹಿಂಸೆ ಮತ್ತು ಸತ್ಯಗಳ ಜಗಳ ತಾನಾಗಿಯೇ ತೀರುತ್ತದೆ.

ಮೊದಲು ದ್ರವ್ಯ, ಅಂದರೆ ಏನನ್ನು ಕೊಡಬೇಕು ಎಂಬುದು. ಮೆಟ್ರಿಕ್‌ವರೆಗೆ ಮಾತ್ರ ಓದಿದ ನನಗೆ ಪುಸ್ತಕಕ್ಕಿಂತ ಅಂಗಡಿಯ ಗಾದಿಯೇ ಹೆಚ್ಚು ಪರಿಚಿತ. ಆದ್ದರಿಂದ ನಮ್ಮ ಸೊಲ್ಲಾಪುರದ ಚಾದರಿನ ಉದಾಹರಣೆಯನ್ನೇ ಕೊಡುತ್ತೇನೆ. ಚಾದರಿನ ಮೇಲಿನ ಹೂವು, ನವಿಲು, ಗೋಪುರಗಳು ಜಕಾರ್ಡ್ ಎಂಬ ಯಂತ್ರದಿಂದ ಮೂಡುತ್ತವೆ. 1804ರ ಸುಮಾರಿಗೆ ಫ್ರಾನ್ಸ್ ದೇಶದ ಲಿಯೋನ್ ನಗರದ ಜೋಸೆಫ್ ಮಾರಿ ಜಕಾರ್ಡ್ ಎಂಬವರು ಇದನ್ನು ಸಿದ್ಧಪಡಿಸಿದರು. ನಕ್ಷೆಗಾರನು ಮೊದಲು ಚೌಕಳಿ ಕಾಗದದ ಮೇಲೆ ಚಿತ್ರ ಬರೆಯುತ್ತಾನೆ. ಅದರ ಒಂದೊಂದು ಮನೆಯೂ ಹಾಸಿನ ನೂಲು ಮತ್ತು ಹೊಕ್ಕಿನ ನೂಲು ಕೂಡುವ ಒಂದೊಂದು ಬಿಂದು. ಆ ಮನೆಗಳಿಗೆ ಅನುಸಾರವಾಗಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು, ಅವನ್ನು ಸಾಲಾಗಿ ಹೊಲಿದು, ಮಗ್ಗದ ಮೇಲೆ ಏರಿಸುತ್ತಾರೆ. ಈಗ ಅನೇಕ ಕಡೆ ಕಂಪ್ಯೂಟರ್ ಮೇಲೆಯೇ ನಕ್ಷೆ ಸಿದ್ಧವಾಗುತ್ತದೆ; ಆದರೂ ಮನೆಗಳ ಲೆಕ್ಕ ಅದೇ.

ಹೊಸ ನಕ್ಷೆಯನ್ನು ನೋಡಿದ ವ್ಯಾಪಾರಿಯು "ಇದು ನಡೆಯುವುದಿಲ್ಲ" ಎಂದರೆ ಆ ಮಾತಿನಿಂದ ನಕ್ಷೆಗಾರನ ಕೈಗೆ ಏನು ಸಿಕ್ಕಿತು? ಏನೂ ಇಲ್ಲ. ಅದೇ ವ್ಯಾಪಾರಿಯು ಹೀಗೆ ಹೇಳಿದನೆನ್ನಿ: "ಅಂಚಿನ ಬಳ್ಳಿ ಬಹಳ ಚೆನ್ನಾಗಿ ಬಂದಿದೆ, ಅದನ್ನು ಮುಟ್ಟಬೇಡಿರಿ. ಆದರೆ ಅಂಗಡಿಯಲ್ಲಿ ಚಾದರವನ್ನು ಮಡಿಸಿ ಇಟ್ಟಾಗ ಗಿರಾಕಿಗೆ ಮೊದಲು ಕಾಣುವುದು ಮೇಲಿನ ಮಡಿಕೆ ಮಾತ್ರ. ನವಿಲಿನ ಕೊರಳು ಸರಿಯಾಗಿ ಮಡಿಕೆಯಲ್ಲಿ ಸಿಕ್ಕು ಮರೆಯಾಗುತ್ತದೆ." ಇಲ್ಲಿ ಕೆಲಸದ ಯಾವ ಭಾಗ ನಿಲ್ಲಬೇಕು, ಯಾವ ಭಾಗದಲ್ಲಿ ತೊಂದರೆಯಿದೆ, ಆ ತೊಂದರೆ ಯಾರಿಗೆ ಯಾವಾಗ ಆಗುತ್ತದೆ ಎಂಬ ಮೂರೂ ಸಂಗತಿಗಳು ಬಂದವು. ನವಿಲನ್ನು ಮೇಲೆ ಸರಿಸುವುದೋ, ಚಿಕ್ಕದು ಮಾಡುವುದೋ ಎಂಬ ನಿರ್ಣಯ ಮಾತ್ರ ನಕ್ಷೆಗಾರನದು. ನೋವು ಎಲ್ಲಿದೆ ಎಂದು ಹೇಳುವುದು ರೋಗಿಯ ಅಧಿಕಾರ; ಔಷಧವನ್ನು ವೈದ್ಯನಿಗೆ ಬಿಡಬೇಕು. ಕೇಳಿದವನು ಎದ್ದು ಹೋಗಿ ಮಾಡಬಹುದಾದ ಒಂದು ಕೆಲಸವನ್ನು ಅವನ ಕೈಗೆ ಕೊಡದ ಟೀಕೆಯು ಬರಿಗೈಯ ದಾನ.

ಎರಡನೆಯದು ದಾತೃ. ಕೊಡುವವನ ಭಾವವು ಶುದ್ಧವಾಗಿರಬೇಕು. ಈ ವಿಷಯದಲ್ಲಿ ನಾವು ವ್ಯಾಪಾರಸ್ಥರು ವಿಶೇಷವಾಗಿ ವಿಚಾರ ಮಾಡಬೇಕಾಗಿದೆ. ಪೇಟೆಯಲ್ಲಿ ಮಾಲಿನ ಹುಳುಕು ತೆಗೆಯುವುದು ಬಹುತೇಕ ದರ ಇಳಿಸುವ ಉಪಾಯವಾಗಿದೆ. ಬಣ್ಣ ಸರಿಯಿಲ್ಲ, ನೂಲು ದಪ್ಪ, ಅಂಚು ಸೊಟ್ಟ ಎಂದು ಹತ್ತು ದೋಷ ಎಣಿಸಿ, ದರ ಇಳಿದ ಕೂಡಲೇ ಅದೇ ಮಾಲನ್ನು ಸಂತೋಷದಿಂದ ಕಟ್ಟಿಸಿಕೊಂಡು ಹೋಗುತ್ತಾರೆ. ಇದರಿಂದ ಆಗುವ ದೊಡ್ಡ ಹಾನಿಯೆಂದರೆ, ಮಗ್ಗದವನು ಮತ್ತು ನಕ್ಷೆಗಾರನು ಯಾವ ದೋಷವನ್ನೂ ನಂಬದಂತಾಗುತ್ತಾರೆ. ನಿಜವಾದ ದೋಷ ಹೇಳಿದರೂ "ಇದು ದರದ ಮಾತು" ಎಂದು ಒಳಗೇ ನಗುತ್ತಾರೆ. ಆದ್ದರಿಂದ ದರವನ್ನು ಮೊದಲು ಗೊತ್ತುಮಾಡಿ, ಹಣದ ಮಾತು ಪೂರ್ತಿ ಮುಗಿದ ಮೇಲೆ ದೋಷವನ್ನು ಹೇಳುವುದು ಉತ್ತಮ ಪದ್ಧತಿ. ಆಗ ಹೇಳುವವನಿಗೆ ಅದರಿಂದ ಒಂದು ಪೈಸೆಯ ಲಾಭವೂ ಇಲ್ಲವೆಂಬುದು ಸ್ಪಷ್ಟವಾಗಿರುತ್ತದೆ. ಮಾತಿಗೆ ತೂಕ ಬರುತ್ತದೆ. ಹಣದ ಲಾಭದಂತೆಯೇ ಮಾನದ ಲಾಭವೂ ಉಂಟು. ಹತ್ತು ಜನರ ಮುಂದೆ ತನ್ನ ಜಾಣತನ ಕಾಣಲೆಂದು ತಪ್ಪು ಹುಡುಕುವವನು ದಾನ ಮಾಡುತ್ತಿಲ್ಲ, ಇನ್ನೊಬ್ಬನ ಕೆಲಸದ ಮೇಲೆ ಕಾಲಿಟ್ಟು ತಾನು ಎತ್ತರವಾಗುತ್ತಿದ್ದಾನೆ. ಪರನಿಂದೆ ಮತ್ತು ಆತ್ಮಪ್ರಶಂಸೆಗಳನ್ನು ತತ್ತ್ವಾರ್ಥಸೂತ್ರವು ಜೊತೆಯಾಗಿಯೇ ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ಹೇಳಿರುವುದು ಅರ್ಥಪೂರ್ಣವಾಗಿದೆ.

ಮೂರನೆಯದು ವಿಧಿ. ಇದರಲ್ಲಿ ಕಾಲ ಮತ್ತು ಸ್ಥಳ ಎರಡೂ ಬರುತ್ತವೆ. ಚೌಕಳಿ ಕಾಗದದ ಮೇಲೆ ಒಂದು ಮನೆ ತಪ್ಪಿದಾಗ ಹೇಳಿದರೆ ರಬ್ಬರಿನಿಂದ ಅಳಿಸಿದರಾಯಿತು. ಕಾರ್ಡು ಹೊಡೆದ ಮೇಲೆ ಹೇಳಿದರೆ ಕಾರ್ಡು ಬದಲಿಸಬೇಕು. ಮಗ್ಗ ನಡೆದ ಮೇಲೆ ಹೇಳಿದರೆ ಆ ತಪ್ಪು ಪ್ರತಿಯೊಂದು ಹೂವಿನಲ್ಲಿ, ಪ್ರತಿಯೊಂದು ಚಾದರದಲ್ಲಿ ಮರಳಿ ಮರಳಿ ಬಂದಿರುತ್ತದೆ. ದೋಷ ಅದೇ, ಮಾತೂ ಅದೇ. ಆದರೆ ತಡವಾದಂತೆಲ್ಲ ಅದರ ಬೆಲೆ ಏರುತ್ತ ಹೋಗುತ್ತದೆ. ಕೆಲಸ ಇನ್ನೂ ಹಸಿಯಾಗಿರುವಾಗ ತೋರಿಸಿ ಕೇಳುವವನು ಬುದ್ಧಿವಂತ, ಆಗಲೇ ಹೇಳುವವನು ಹಿತವಂತ.

ಇನ್ನು ಸ್ಥಳದ ವಿಚಾರ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಕ್ರಿ.ಶ. 1112ರ ಸುಮಾರಿಗೆ ಮುಳಗುಂದದ ನಯಸೇನನು ತನ್ನ ಧರ್ಮಾಮೃತದಲ್ಲಿ ಈ ಅಂಗಗಳನ್ನು ಕಥೆಗಳ ಮೂಲಕ ಕನ್ನಡಿಗರಿಗೆ ತಿಳಿಯಪಡಿಸಿದನು. ಉಪಗೂಹನಕ್ಕೆ ನಮ್ಮ ಪರಂಪರೆಯಲ್ಲಿ ಪ್ರಸಿದ್ಧವಾಗಿರುವುದು ಜಿನೇಂದ್ರಭಕ್ತನೆಂಬ ಶ್ರೇಷ್ಠಿಯ ಕಥೆ. ಅವನ ಮನೆಯ ಚೈತ್ಯಾಲಯದಲ್ಲಿ ಪಾರ್ಶ್ವನಾಥ ಸ್ವಾಮಿಯ ಮೂರ್ತಿಯ ಛತ್ರಕ್ಕೆ ಬೆಲೆಬಾಳುವ ವೈಡೂರ್ಯವಿತ್ತು. ಕಳ್ಳನೊಬ್ಬನು ಕ್ಷುಲ್ಲಕರ ವೇಷದಿಂದ ಬಂದು, ನಂಬಿಕೆ ಗಳಿಸಿ, ಒಂದು ರಾತ್ರಿ ಅದನ್ನು ಕದ್ದು ಓಡಿದನು. ಕಾವಲುಗಾರರು ಬೆನ್ನಟ್ಟಿದಾಗ ಶ್ರೇಷ್ಠಿಯು ಧರ್ಮಕ್ಕೆ ಅಪವಾದ ಬರಬಾರದೆಂದು, "ನಾನೇ ಅದನ್ನು ತರಹೇಳಿದ್ದೆ" ಎಂದು ಅವರನ್ನು ಕಳುಹಿಸಿಬಿಟ್ಟನು. ಇಲ್ಲಿಗೆ ಕಥೆ ಮುಗಿಯಿತೆಂದು ಬಹಳ ಜನ ತಿಳಿದಿದ್ದಾರೆ. ಆದರೆ ಆಮೇಲೆ ಅವನು ಆ ವೇಷಧಾರಿಯನ್ನು ಏಕಾಂತದಲ್ಲಿ ತೀಕ್ಷ್ಣವಾಗಿ ಖಂಡಿಸಿ ಹೊರಗೆ ಕಳುಹಿಸಿದನು. ಬಹಿರಂಗದಲ್ಲಿ ಮರೆಮಾಡಿದ್ದು ಎಷ್ಟು ಮುಖ್ಯವೋ, ಏಕಾಂತದಲ್ಲಿ ಹೇಳಿದ್ದೂ ಅಷ್ಟೇ ಮುಖ್ಯ. ಎರಡನೆಯದನ್ನು ಬಿಟ್ಟರೆ ಉಳಿಯುವುದು ಉಪಗೂಹನವಲ್ಲ, ಕೇವಲ ಮುಚ್ಚಾಟ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಸಮಾಜದ ಸಂಸ್ಥೆಗಳಲ್ಲಿ ಇದು ತಲೆಕೆಳಗಾಗಿ ನಡೆಯುವುದನ್ನು ಎಲ್ಲರೂ ಕಂಡಿದ್ದೇವೆ. ಸಭೆಯಲ್ಲಿ ಯೋಜನೆಯನ್ನೋ ಆಯವ್ಯಯವನ್ನೋ ಓದಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಸಭೆ ಮುಗಿದು ಚಪ್ಪಲಿ ಮೆಟ್ಟುವಾಗ ಕಟ್ಟೆಯ ಹತ್ತಿರ ದೋಷಗಳ ಪಟ್ಟಿ ಬಿಚ್ಚಿಕೊಳ್ಳುತ್ತದೆ. ದೋಷವು ಅದನ್ನು ತಿದ್ದಬಲ್ಲವನೊಬ್ಬನನ್ನು ಬಿಟ್ಟು ಊರಿಗೆಲ್ಲ ತಿಳಿಯುತ್ತದೆ. ನಿಂದೆಗೂ ಸಲಹೆಗೂ ಇರುವ ಅಂತರವನ್ನು ಅಳೆಯಲು ಇದಕ್ಕಿಂತ ಸರಳವಾದ ಮಾನ ಬೇರೊಂದಿಲ್ಲ. ತಿದ್ದಬಲ್ಲವನ ಕಿವಿಗೆ ಮುಟ್ಟಿದರೆ ಸಲಹೆ, ಉಳಿದವರ ಕಿವಿಗೆ ಮುಟ್ಟಿದರೆ ನಿಂದೆ. ಹಾಗೆಯೇ ಇದಕ್ಕೊಂದು ಮೇರೆಯೂ ಇದೆ. ದೋಷದಿಂದ ಮೂರನೆಯವನಿಗೆ ಹಾನಿಯಾಗುತ್ತಿದ್ದರೆ, ಗಿರಾಕಿ ಮೋಸ ಹೋಗುತ್ತಿದ್ದರೆ ಅಥವಾ ಮಗುವಿಗೆ ಪೆಟ್ಟಾಗುತ್ತಿದ್ದರೆ, "ಮನೆಯ ಮಾತು ಹೊರಗೆ ಹೋಗಬಾರದು" ಎಂದು ಬಾಯಿ ಮುಚ್ಚಿಸುವವರು ಉಪಗೂಹನದ ಹೆಸರನ್ನು ಬಳಸುವ ಅಧಿಕಾರ ಕಳೆದುಕೊಳ್ಳುತ್ತಾರೆ.

ನಾಲ್ಕನೆಯದು ಪಾತ್ರ, ಅಂದರೆ ತೆಗೆದುಕೊಳ್ಳುವವನ ಸ್ಥಿತಿ. ಇದಕ್ಕೆ ಶಿಕ್ಷಣವೇ ತಕ್ಕ ಕ್ಷೇತ್ರ. ನಮ್ಮ ಭಾಗದ ಪಾಠಶಾಲೆಯೆಂದರೆ ಭಾಷೆಗಳ ಸಂಗಮ. ಒಂದು ಮಗುವಿನ ಮನೆಮಾತು ಕನ್ನಡ, ಇನ್ನೊಂದರದು ಮರಾಠಿ, ಮತ್ತೊಂದರದು ಗುಜರಾತಿ ಅಥವಾ ಮಾರವಾಡಿ. ಸ್ತೋತ್ರ ಸಂಸ್ಕೃತ, ಗಾಹೆ ಪ್ರಾಕೃತ, ಪ್ರವಚನ ಹಿಂದಿ. ಕನ್ನಡದ ಮಗು "ಧರ್ಮ"ವನ್ನು "ದರ್ಮ" ಎಂದು ಓದಿದರೆ ಮರಾಠಿಯ ಮಗು ನಗುತ್ತದೆ. ಮರಾಠಿಯ ಮಗು "ಕೊಡು" ಎನ್ನಲು ಹೋಗಿ "ಕೋಡು" ಎಂದರೆ ಕನ್ನಡದ ಮಗು ನಗುತ್ತದೆ. ಆ ನಗೆ ಶಿಕ್ಷಕನ ಮುಖದ ಮೇಲೂ ಮೂಡಿದರೆ ಆ ಮಗು ಮುಂದಿನ ಭಾನುವಾರ ಬರುವುದಿಲ್ಲ. ಬಲ್ಲ ಶಿಕ್ಷಕನು ಒಂದು ಸಲಕ್ಕೆ ಒಂದೇ ದೋಷವನ್ನು ಹಿಡಿಯುತ್ತಾನೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿಯಲು ಹೇಳಿ, ದಕಾರದಲ್ಲಿ ಉಸಿರು ಕೈಗೆ ತಾಗುವುದಿಲ್ಲ, ಧಕಾರದಲ್ಲಿ ತಾಗುತ್ತದೆ ಎಂದು ತೋರಿಸುತ್ತಾನೆ. ಮಗುವು ತನ್ನ ದೋಷವನ್ನು ತಾನೇ ಕಂಡುಕೊಳ್ಳುತ್ತದೆ. ಅವಮಾನಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.

ಬಿ.ಎಡ್. ಓದುತ್ತಿರುವ ನನ್ನ ಮೊಮ್ಮಗಳು ಈ ವಿಷಯದಲ್ಲಿ ನಡೆದಿರುವ ಎರಡು ಸಂಶೋಧನೆಗಳನ್ನು ನನಗೆ ಓದಿ ಹೇಳಿದಳು. ಇಸ್ರೇಲ್ ದೇಶದ ರೂತ್ ಬಟ್ಲರ್ ಎಂಬ ವಿದುಷಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಬರಿಯ ಅಂಕಗಳನ್ನು, ಇನ್ನೊಂದಕ್ಕೆ ಬರಿಯ ಲಿಖಿತ ಸಲಹೆಯನ್ನು, ಮೂರನೆಯದಕ್ಕೆ ಎರಡನ್ನೂ ಕೊಡಲಾಯಿತು. ಸುಧಾರಿಸಿದ್ದು ಬರಿಯ ಸಲಹೆ ಪಡೆದ ಗುಂಪು. ಎರಡನ್ನೂ ಪಡೆದವರಿಗೆ ಸಲಹೆಯ ಲಾಭ ಸಿಗಲಿಲ್ಲ. ಅಂಕವು ಸಲಹೆಯನ್ನು ನುಂಗಿಹಾಕಿತು. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬ ಇಬ್ಬರು ವಿದ್ವಾಂಸರು ಇಂಥ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸರಾಸರಿಯಲ್ಲಿ ಲಾಭ ಕಂಡರೂ, ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಕೇಳುವವನ ಲಕ್ಷ್ಯವು ಕೆಲಸವನ್ನು ಬಿಟ್ಟು "ನಾನು ಎಂಥವನು" ಎಂಬುದರ ಕಡೆಗೆ ಹೊರಳಿದಷ್ಟೂ ಸಲಹೆಯ ಫಲ ಕುಗ್ಗುತ್ತದೆ ಎಂಬುದು ಅವರ ವಿವರಣೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮಾತು ಕೆಲಸಕ್ಕೆ ತಗಲಬೇಕು, ಮಾನಕಷಾಯಕ್ಕೆ ತಗಲಬಾರದು. "ನೀನು ದಡ್ಡ" ಎಂಬುದು ಎಷ್ಟು ನಿರುಪಯುಕ್ತವೋ "ನೀನು ಬಹಳ ಜಾಣ" ಎಂಬುದೂ ಹೆಚ್ಚುಕಡಿಮೆ ಅಷ್ಟೇ. "ಈ ಸಲ ಧಕಾರ ಸ್ಪಷ್ಟವಾಗಿ ಬಂತು" ಎಂಬ ಮಾತಿನಲ್ಲಿ ಹೊಗಳಿಕೆಯೂ ಇದೆ, ಪಾಠವೂ ಇದೆ.

ಕೊಡುವವನ ವಿಚಾರವಷ್ಟೇ ಸಾಲದು. ಕೇಳುವವನಿಗೂ ಧರ್ಮವಿದೆ, ನಮ್ಮ ಪೂರ್ವಾಚಾರ್ಯರು ಅದನ್ನು ಬಹಳ ಸೂಕ್ಷ್ಮವಾಗಿ ಚಿಂತಿಸಿದ್ದಾರೆ. ಶಿಷ್ಯನು ಗುರುವಿನ ಮುಂದೆ ತನ್ನ ದೋಷವನ್ನು ನಿವೇದಿಸುವುದಕ್ಕೆ ಆಲೋಚನೆ ಎಂದು ಹೆಸರು. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಅದೇ ಮೊದಲನೆಯದು. ಭಗವತೀ ಆರಾಧನಾ ಗ್ರಂಥದಲ್ಲಿ ಈ ಆಲೋಚನೆಯಲ್ಲಿಯೇ ನುಸುಳುವ ಹತ್ತು ದೋಷಗಳನ್ನು ಎಣಿಸಿದ್ದಾರೆ. ಮುನಿಗಳಿಗಾಗಿ ಹೇಳಿದ ಆ ಪಟ್ಟಿಯಲ್ಲಿ ಗೃಹಸ್ಥರೂ ತಮ್ಮ ಮುಖ ನೋಡಿಕೊಳ್ಳಬಹುದು. ಗುರುವಿಗೆ ಮೊದಲು ಸೇವೆ ಸಲ್ಲಿಸಿ ಮೆತ್ತಗೆ ಮಾಡಿಕೊಂಡು ಆಮೇಲೆ ಹೇಳುವುದು ಒಂದು ದೋಷ. ಪರೀಕ್ಷಕನಿಗೆ ಚಹಾ ಫರಾಳ ಮುಗಿಸಿಯೇ ನಕ್ಷೆ ಬಿಚ್ಚುವವರು ಇವರು. ಬೇರೆಯವರು ಈಗಾಗಲೇ ಕಂಡ ತಪ್ಪನ್ನಷ್ಟೇ ಒಪ್ಪಿ, ಕಾಣದ್ದನ್ನು ಅಡಗಿಸುವುದು ಇನ್ನೊಂದು. ಸಣ್ಣದನ್ನು ಹೇಳಿ ದೊಡ್ಡದನ್ನು ಮರೆಸುವುದು ಮತ್ತೊಂದು. ಅಕ್ಷರ ದುಂಡಗಿಲ್ಲವೆಂದು ಕೊರಗುವವನು ಲೆಕ್ಕವೇ ತಪ್ಪಿರುವುದನ್ನು ತೋರಿಸುವುದಿಲ್ಲ. ಗದ್ದಲದಲ್ಲಿ ಯಾರಿಗೂ ಕೇಳದಂತೆ ಹೇಳುವುದು, ಒಬ್ಬರು ಹೇಳಿದ್ದು ರುಚಿಸಲಿಲ್ಲವೆಂದು ಹಲವರನ್ನು ಕೇಳುತ್ತ ಹೋಗುವುದು, ಆ ವಿಷಯ ತಿಳಿಯದವನ ಹತ್ತಿರ ಹೇಳುವುದು, ಅದೇ ದೋಷವಿರುವವನನ್ನೇ ಹುಡುಕಿ ಅವನ ಮುಂದೆ ಹೇಳುವುದು ಇವೆಲ್ಲವೂ ಆ ಪಟ್ಟಿಯಲ್ಲಿವೆ. ನಮ್ಮಲ್ಲಿ ಅನೇಕರು ಸಲಹೆ ಕೇಳುತ್ತಿದ್ದೇವೆಂದು ತಿಳಿದು ವಾಸ್ತವವಾಗಿ ಶಹಭಾಷ್‌ಗಿರಿ ಕೇಳುತ್ತಿರುತ್ತಾರೆ.

ಸಲಹೆಯನ್ನು ಸ್ವೀಕರಿಸುವ ಪರಮ ಆದರ್ಶವು ಶ್ವೇತಾಂಬರ ಪರಂಪರೆಯ ಉಪಾಸಕದಶಾಂಗದಲ್ಲಿ ದೊರೆಯುತ್ತದೆ. ಗೃಹಸ್ಥನಾದ ಆನಂದ ಶ್ರಾವಕನು ತನಗೆ ಬಹು ವಿಸ್ತಾರವಾದ ಅವಧಿಜ್ಞಾನ ಪ್ರಾಪ್ತವಾಗಿದೆ ಎಂದನು. ಗಣಧರ ಗೌತಮ ಸ್ವಾಮಿಗಳು, ಗೃಹಸ್ಥನಿಗೆ ಅಷ್ಟು ವಿಸ್ತಾರ ಸಾಧ್ಯವಿಲ್ಲ, ಈ ಮಾತಿಗೆ ನೀನು ಆಲೋಚನೆ ಮಾಡು ಎಂದರು. ಆನಂದನು ವಿನಯದಿಂದ, ಸತ್ಯವನ್ನು ಹೇಳಿದವನು ಆಲೋಚನೆ ಮಾಡಬೇಕೇ ಎಂದು ಕೇಳಿದನು. ಗೌತಮರು ಶಂಕಿತರಾಗಿ ಭಗವಾನ್ ಮಹಾವೀರರ ಬಳಿಗೆ ಹೋಗಿ ಕೇಳಿದಾಗ, ಆನಂದನ ಮಾತೇ ಸರಿ, ಆಲೋಚನೆ ಮಾಡಬೇಕಾದವರು ನೀವು ಎಂಬ ನಿರ್ಣಯ ಬಂದಿತು. ಗೌತಮರು ಕೂಡಲೇ ಮರಳಿ ಹೋಗಿ ಆ ಶ್ರಾವಕನ ಕ್ಷಮೆ ಕೇಳಿದರು. ಗಣಧರರಲ್ಲಿ ಅಗ್ರಗಣ್ಯರಾದವರು ಒಬ್ಬ ಗೃಹಸ್ಥನಿಂದ ತಿದ್ದಿಸಿಕೊಂಡರು. ಇದರಿಂದ ಅವರ ಹಿರಿಮೆ ಕುಂದಲಿಲ್ಲ. ಈ ಕಥೆಯನ್ನು ಶತಮಾನಗಳಿಂದ ಹೇಳುತ್ತಿರುವುದೇ ಅವರ ಹಿರಿಮೆಗಾಗಿ.

ಇತ್ತೀಚಿನ ಕಾಲದ ಒಂದು ನಿದರ್ಶನವನ್ನೂ ಸ್ಮರಿಸಬೇಕು. ಮೂಡಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದ ಷಟ್ಖಂಡಾಗಮವನ್ನು ಧವಲಾ ಟೀಕೆಯೊಡನೆ ಪ್ರಕಟಿಸುವ ಮಹಾಕಾರ್ಯವನ್ನು ಡಾ. ಹೀರಾಲಾಲ ಜೈನರು ಕೈಗೊಂಡರು. 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಹೊರಬಂತು. ಅದಕ್ಕೆ ಆಧಾರವಾಗಿದ್ದುದು ಪ್ರತಿಯಿಂದ ಮಾಡಿದ ಪ್ರತಿಗಳು. ಮುಂದೆ ಮೂಡಬಿದಿರೆಯ ಮೂಲದೊಡನೆ ಹೋಲಿಸಿ ನೋಡುವ ಅವಕಾಶ ದೊರೆತಾಗ, ಸಂಪಾದಕರು ಆ ಪಾಠಭೇದಗಳನ್ನು ಅಡಗಿಸಲಿಲ್ಲ, ಮುಂದಿನ ಸಂಪುಟದಲ್ಲಿ ಮುದ್ರಿಸಿ ಎಲ್ಲರ ಮುಂದಿಟ್ಟರು. ಪುಸ್ತಕದ ಕೊನೆಯ ಶುದ್ಧಿಪತ್ರವನ್ನು ನೋಡಿ ಇಷ್ಟು ತಪ್ಪುಗಳೇ ಎಂದು ಮೂಗು ಮುರಿಯುವವರುಂಟು. ಆದರೆ ಶುದ್ಧಿಪತ್ರವಿರುವ ಗ್ರಂಥವು ಯಾರೋ ಮತ್ತೊಮ್ಮೆ ಶ್ರದ್ಧೆಯಿಂದ ಓದಿದ ಗ್ರಂಥ. ಅದು ಇಲ್ಲದ ಗ್ರಂಥದಲ್ಲಿ ತಪ್ಪಿಲ್ಲವೆಂದೇನೂ ಅರ್ಥವಲ್ಲ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಸ್ಪಷ್ಟವಾಗುತ್ತದೆ. ಮನಸ್ಸು ನೋಯಿತೇ ಎಂಬುದೊಂದರಿಂದಲೇ ಹಿಂಸೆಯನ್ನು ನಿರ್ಣಯಿಸಲಾಗದು. ಪ್ರಮತ್ತಯೋಗವೇ ಹಿಂಸೆಯ ಮೂಲವೆಂದು ಶಾಸ್ತ್ರ ಹೇಳುತ್ತದೆ. ಕಷಾಯದಿಂದ, ಅಜಾಗರೂಕತೆಯಿಂದ ಆಡಿದ ಮಾತು ಸತ್ಯವಾಗಿದ್ದರೂ ಹಿಂಸೆಯೇ. ಜಾಗರೂಕತೆಯಿಂದ, ತಿದ್ದಬಲ್ಲವನಿಗೆ, ತಿದ್ದಬಹುದಾದ ಸಮಯದಲ್ಲಿ, ತಿದ್ದಲು ಬೇಕಾದಷ್ಟನ್ನು ಹೇಳಿದ ಮಾತು ಕ್ಷಣಕಾಲ ಚುಚ್ಚಿದರೂ ದಾನವೇ. ಮತ್ತು ಹೇಳಬಲ್ಲವನು ಹೇಳದೆ ಉಳಿದ ಮೌನವು, ಉಗ್ರಾಣದಲ್ಲಿ ಧಾನ್ಯವಿದ್ದೂ ಬಾಗಿಲು ಮುಚ್ಚಿಕೊಂಡಂತೆ.

ಪ್ರತಿವರ್ಷ ದಶಲಕ್ಷಣ ಪರ್ವದ ತರುವಾಯ ಕ್ಷಮಾವಣಿಯ ದಿನ ನಾವು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ಆದ ತಪ್ಪುಗಳಿಗೆ ಕ್ಷಮೆ ಬೇಡುತ್ತೇವೆ. ತಿಳಿಯದೆ ಆದ ತಪ್ಪು ಯಾವುದೆಂದು ಮಾತ್ರ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಮುಂದಿನ ಕ್ಷಮಾವಣಿಯಂದು ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಹತ್ತಿರದಿಂದ ಬಲ್ಲ ಒಬ್ಬರನ್ನಾದರೂ ಬದಿಗೆ ಕರೆದು, "ನನ್ನ ಕೆಲಸದಲ್ಲಿ ನಿಮಗೆ ಕಂಡ ಒಂದು ದೋಷವನ್ನು ಹೇಳಿರಿ" ಎಂದು ಕೇಳಲಿ. ಕೇಳಿದ ಮೇಲೆ ಸಮರ್ಥನೆಗೆ ಬಾಯಿ ತೆರೆಯದೆ ಕೈಜೋಡಿಸಿ ಬರಲಿ. ಮಾಲೀಕನು ಮಗ್ಗದವನನ್ನು ಕೇಳಲಿ, ಶಿಕ್ಷಕನು ವಿದ್ಯಾರ್ಥಿಯನ್ನು ಕೇಳಲಿ, ಅತ್ತೆ ಸೊಸೆಯನ್ನು ಕೇಳಲಿ, ವಿಶ್ವಸ್ತರು ಸಾಮಾನ್ಯ ಸದಸ್ಯರನ್ನು ಕೇಳಲಿ. ಇದರಲ್ಲಿ ಹಣದ ಖರ್ಚಿಲ್ಲ, ಬೋಲಿಯ ಸ್ಪರ್ಧೆಯಿಲ್ಲ, ಭಾಷೆಯ ಭೇದವೂ ಇಲ್ಲ. ಎಲ್ಲ ಸಾಧರ್ಮಿ ಬಂಧು ಭಗಿನಿಯರು ಇದನ್ನು ವಿಚಾರಿಸಿ ನೋಡಬೇಕೆಂದು ಸವಿನಯ ಪ್ರಾರ್ಥನೆ.

ಸರ್ವರಿಗೂ ಮಂಗಲವಾಗಲಿ. ಜೈ ಜಿನೇಂದ್ರ.